ಸೌಡಮ್ಮನಿಗೆ ತೊಡಿಸಿದ ಕವಚ

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಟಿವಿಗೆ ಅದೇನೋ ವಯರು ಸಿಕ್ಕಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಹಾಳು ಪ್ರಪಂಚವನ್ನು ತೆರೆದಳು. ಮುರಿದು ಬಿದ್ದ ಸೇತುವೆ, ತುಕ್ಕು ಹಿಡಿದ ಕಾರುಗಳು, ಕಣ್ಣು ಹಾಯುವಷ್ಟು ದೂರ ಕೆಂಪು ಮಣ್ಣು. ದೊಡ್ಡ ಯುದ್ಧವಾಗಿ ಎಲ್ಲ ನಾಶವಾದ ಮೇಲೆ, ಉಳಿದ ನಾಲ್ಕು ಜನ ಊರಿಂದೂರಿಗೆ ನಡೆದು ಬದುಕುವ ಆಟವಂತೆ. ನಾನು ಪೇಪರು ಓದುತ್ತಿದ್ದವನು ಸುಮ್ಮನೆ ಹೂಂಗುಟ್ಟಿದೆ.

"ತಾತಾ, ನಾಲ್ಕು ಹೆಸರು ಕೇಳ್ತಿದೆ. ಯಾರ ಹೆಸರು ಹಾಕಲಿ?" ಅಂದಳು.

ಅಡುಗೆಮನೆಯ ಹೊಸ್ತಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದ ನನ್ನ ಅಕ್ಕ ಮರಗದಂ ತಲೆಯೆತ್ತಿದಳು. ನಾನು ಪೇಪರು ಕೆಳಗಿಟ್ಟೆ. ಇದೇ ಪ್ರಶ್ನೆಯನ್ನು ನಾವಿಬ್ಬರೂ ಒಟ್ಟಿಗೆ ಒಮ್ಮೆ ಕೇಳಿಸಿಕೊಂಡಿದ್ದೆವು, ಈ ಮಗುವಿನ ಅಪ್ಪ ಹುಟ್ಟುವುದಕ್ಕೂ ಮುಂಚೆ.

ಅದು ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ವರ್ಷ. ಕೊಯಮತ್ತೂರಿನ ಗಣಪತಿ ಅನ್ನುವ ಬಡಾವಣೆಯಲ್ಲಿ ಒಂದು ಪಂಪು ಕಾರ್ಖಾನೆಯಲ್ಲಿ ನನಗೆ ಕಂಪ್ಯೂಟರ್ ಆಪರೇಟರ್ ಕೆಲಸ. ಗೇಟು ದಾಟಿದರೆ ಲೇತಿನ ಎಣ್ಣೆಯ ವಾಸನೆ, ಎರಕದ ಕರಿಮಣ್ಣು, ಕಿವಿ ಕಿತ್ತುಹೋಗುವ ಸದ್ದು. ಅದರ ನಡುವೆ ಗಾಜಿನ ಬಾಗಿಲಿನ ಒಂದು ಪುಟ್ಟ ಕೋಣೆ. ಅಲ್ಲಿ ಕಂಪ್ಯೂಟರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಕೆಲಸ ಮುಗಿದರೆ ಬಟ್ಟೆ ಹೊದಿಸಬೇಕು. ಇಡೀ ಕಾರ್ಖಾನೆಯಲ್ಲಿ ಏಸಿ ಇದ್ದದ್ದು ಆ ಪೆಟ್ಟಿಗೆಗೆ ಮಾತ್ರ. ಮುದಲಾಳಿ, ಅಂದರೆ ಕಾರ್ಖಾನೆಯ ಒಡೆಯರು, ಸೆಕೆಯಾದಾಗ ಏನಾದರೂ ನೆಪ ಹೇಳಿಕೊಂಡು ಅಲ್ಲಿಗೆ ಬಂದು ಕೂರುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂರುವವನು ಅಂತ ನನಗೂ ಬೀದಿಯಲ್ಲಿ ಒಂದಿಷ್ಟು ಮರ್ಯಾದೆ ಹೆಚ್ಚಾಗಿತ್ತು. ನಾನೂ ಅದನ್ನು ಬೇಡ ಅನ್ನಲಿಲ್ಲ.

ನಮ್ಮದು ಸೂಲೂರಿನ ಆಚೆ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಓದಿದ್ದೆಲ್ಲ ತಮಿಳಿನಲ್ಲೇ. ಈ ಕನ್ನಡ ಅಕ್ಷರಗಳನ್ನು ನಾನು ಕಲಿತದ್ದು ನಲವತ್ತು ದಾಟಿದ ಮೇಲೆ, ಹಟಕ್ಕೆ ಬಿದ್ದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ಅಮ್ಮ, ನಾನು, ಮರಗದಕ್ಕ, ಎರಡು ಮಗ್ಗ. ಅಕ್ಕನನ್ನು ಕುನ್ನತ್ತೂರಿಗೆ ಕೊಟ್ಟಿತ್ತು. ಭಾವ ರಂಗಸಾಮಿ ಒಳ್ಳೆಯ ಮನುಷ್ಯ, ಆದರೆ ದಾರಿ ತಪ್ಪುವುದರಲ್ಲಿ ಎತ್ತಿದ ಕೈ. ಸಂತೆಗೆ ಹೋಗುತ್ತೇನೆಂದು ಹೊರಟರೆ ಇನ್ನೊಂದು ಬಸ್ಸು ಹತ್ತಿ ಇನ್ನೊಂದು ಊರಿನ ಸಂತೆ ನೋಡಿಕೊಂಡು ಬರುತ್ತಿದ್ದರು. ಬಂದು ಆ ಸಂತೆಯ ಕಥೆಯನ್ನು ನಗುನಗುತ್ತ ಹೇಳುತ್ತಿದ್ದರು. ಅಂಥವರು ಪವರ್‌ಲೂಮ್ ಕೆಲಸಕ್ಕೆ ಸೂರತ್ತಿಗೆ ಹೋದರು. ಮೊದಲು ಕಾಗದ ಬರುತ್ತಿತ್ತು, ಆಮೇಲೆ ನಿಂತಿತು. ನಮ್ಮ ಕಡೆಯವರು ಅಲ್ಲಿಯವರೆಗೂ ಹೋಗಿ ಹುಡುಕಿದರು. ಭಾವ ಇದ್ದ ಶೆಡ್ಡು ಬೇರೆಯವರ ಕೈಗೆ ಹೋಗಿತ್ತು, ಅವರನ್ನು ಕಂಡವರು ಯಾರೂ ಸಿಗಲಿಲ್ಲ. ಅಕ್ಕ ತವರಿಗೆ ಬಂದು ಮಗ್ಗದ ಮುಂದೆ ಕೂತು ವರ್ಷಗಳೇ ಕಳೆದಿದ್ದವು. ಕತ್ತಿನಲ್ಲಿ ತಾಳಿ, ಹಣೆಯಲ್ಲಿ ಕುಂಕುಮ. ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಕಣ್ಣಂಚು ಒದ್ದೆಯಾದರೂ ಸಾಕು, ಬದುಕಿರುವವರಿಗೆ ಅಳಬಾರದು ಅಂತ ಯಾರಾದರೂ ಬಂದು ಗದರುತ್ತಿದ್ದರು.

ಆ ವರ್ಷ ಆವಣಿ ತಿಂಗಳಲ್ಲಿ ನನಗೆ ಹೆಣ್ಣು ಗೊತ್ತಾಯಿತು. ಪೊಳ್ಳಾಚಿಯ ಕಡೆಯವರು. ತೈ ತಿಂಗಳಿಗೆ, ಅಂದರೆ ಸಂಕ್ರಾಂತಿ ಕಳೆದ ಮೇಲೆ, ಮುಹೂರ್ತ. ನಮ್ಮಲ್ಲಿ ತಾಳಿ ಕಟ್ಟುವಾಗ ಮೊದಲ ಗಂಟು ಮದುಮಗನದು, ಉಳಿದೆರಡು ಅವನ ಅಕ್ಕನದೋ ತಂಗಿಯದೋ. ಅವಳು ಸುಮಂಗಲಿಯಾಗಿರಬೇಕು. ಹೆಣ್ಣಿನ ಕಡೆಯವರು ತುಂಬ ಮೃದುವಾಗಿ, "ಅಕ್ಕನ ಮನೆಯವರು ಕಲ್ಯಾಣಕ್ಕೆ ಬರ್ತಾರಲ್ಲ?" ಅಂತ ಕೇಳಿದರು. ನಮ್ಮ ದೊಡ್ಡಪ್ಪ ಬೀದಿಗೆಲ್ಲ ಯಜಮಾನರು. ಹೆಗಲ ಮೇಲಿನ ಟವಲು ತೆಗೆದು ಮತ್ತೆ ಹಾಕಿಕೊಂಡು, "ತೈ ಹುಟ್ಟೋದರೊಳಗೆ ಒಂದು ತೀರ್ಮಾನಕ್ಕೆ ಬರೋಣ" ಅಂದರು. ಕೆಟ್ಟವರಲ್ಲ ದೊಡ್ಡಪ್ಪ. ಅಕ್ಕನ ಮುಖ ನೋಡಿ ಹೇಳಲಾರದೆ ಗೋಡೆ ನೋಡಿ ಹೇಳಿದರು.

ಅವರೆಲ್ಲ ಹೋದ ಮೇಲೆ ಅಕ್ಕ ನನಗೊಂದೇ ಮಾತು ಹೇಳಿದಳು. "ನೀನು ತೊಟ್ಟಿಲಲ್ಲಿ ಇದ್ದಾಗಲೇ ಅಂದುಕೊಂಡಿದ್ದೆ ಮಣಿ, ನಿನ್ನ ಗಂಟು ನಾನೇ ಹಾಕಬೇಕು ಅಂತ."

ಆಯುಧಪೂಜೆಯ ದಿನ ಕಾರ್ಖಾನೆಗೆ ಎಲ್ಲರ ಮನೆಯವರೂ ಬರುವುದು ಪದ್ಧತಿ. ಲೇತಿಗೆ ಮಾವಿನೆಲೆ, ಡ್ರಿಲ್ಲಿಗೆ ಚೆಂಡುಹೂವು, ಕೈಗೆ ಪುರಿ ಕಡಲೆ. ಕಂಪ್ಯೂಟರಿಗೂ ವಿಭೂತಿ ಬಳಿದು ಹಾರ ಹಾಕಿದ್ದರು. ಅದು ಪರದೆಗೆ ಅಡ್ಡ ಬಾರದ ಹಾಗೆ ನಾನು ಮೇಲಕ್ಕೆ ಸರಿಸಿದ್ದೆ. ಅಮ್ಮನೂ ಅಕ್ಕನೂ ಬಂದು ಗಾಜಿನ ಬಾಗಿಲಲ್ಲಿ ಕೈಮುಗಿದು ನಿಂತರು. ವಿದೇಶದಿಂದ ಬಂದಿದ್ದ ಮುದಲಾಳಿಯ ಅಳಿಯ ಬಲು ಉತ್ಸಾಹದಿಂದ ಒಂದು ಫ್ಲಾಪಿ ತೂರಿಸಿ, "ಇವತ್ತು ಕೆಲಸ ಇಲ್ಲ, ಆಟ ನೋಡಿ" ಅಂದರು. ಹಸಿರು ಅಕ್ಷರ, ಮೇಲಿನಿಂದ ನೋಡಿದ ಹಾಗೆ ಚೌಕ ಚೌಕವಾಗಿ ಊರು, ಮರಳು, ಬಾವಿ. ನಾಲ್ವರು ಊರೂರು ಅಲೆಯುವ ಆಟವಂತೆ ಅಂತ ಅಮ್ಮನಿಗೆ ಹೇಳಿದೆ. ಪಟ್ಟಿಯಲ್ಲಿ ನಾಲ್ಕು ಖಾಲಿ ಜಾಗ. ಯಾರ ಹೆಸರು ಹಾಕಲಿ ಅಂತ ಅವರು ಕೇಳಿದರು.

ಮೊದಲು ನನ್ನ ಹೆಸರು ಬಿತ್ತು. ಆಮೇಲೆ ಅಕ್ಕನದು. ತನ್ನ ಹೆಸರು ಪರದೆಯ ಮೇಲೆ ಹಸಿರಾಗಿ ಮೂಡಿದ್ದನ್ನು ಅಕ್ಕ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದಳು. ಇಂಗ್ಲಿಷ್ ಅಕ್ಷರವಾದ್ದರಿಂದ ಅದು ತನ್ನ ಹೆಸರೇ ಅನ್ನುವುದಕ್ಕೆ ನನ್ನ ಮಾತೇ ಸಾಕ್ಷಿ. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ಬಾಗಿ, "ಅವರನ್ನೂ ಹಾಕು" ಅಂದಳು.

"ಅವರು ಅಂದರೆ ಯಾರು? ಹೆಸರು ಹೇಳಿ" ಅಂದರು ಮುದಲಾಳಿಯ ಅಳಿಯ.

ಅಕ್ಕ ಸೆರಗು ಬಾಯಿಗೆ ಹಿಡಿದು ನನ್ನನ್ನು ನೋಡಿದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ನಮ್ಮವರಲ್ಲಿ ಇಲ್ಲ. ರೇಷನ್ ಅಂಗಡಿಯಲ್ಲಾಗಲಿ ಓಟು ಹಾಕುವಲ್ಲಾಗಲಿ ಆ ಹೆಸರು ಕೇಳಿದರೆ ಪಕ್ಕದಲ್ಲಿದ್ದವರೇ ಹೇಳಬೇಕು. ಅಕ್ಕನ ಹೆಸರನ್ನು ಒಂದು ಸಾಲು ಕೆಳಗಿಳಿಸಿ, ಅದರ ಮೇಲೆ ನಾನೇ ಟೈಪು ಮಾಡಿದೆ. ಜಾಗ ಸಾಲದೆ 'ರಂಗ' ಅಂತಷ್ಟೇ ಉಳಿಯಿತು.

ನಾಲ್ಕನೆಯದಕ್ಕೆ ಅಮ್ಮ ಬಾಯಿ ಹಾಕಿದಳು. "ಊರೂರು ಅಲೀತಾರೆ ಅಂತೀಯ. ಜೊತೆಗೆ ಸೌಡಮ್ಮ ಇರಲಿ ಸಾಮಿ. ತಾಯಿ ಇದ್ದರೆ ಭಯ ಇಲ್ಲ." ಸೌಡಮ್ಮ ನಮ್ಮ ಕುಲದೇವತೆ. ಹೀಗೆ ಲೋಕವೆಲ್ಲ ಸುಟ್ಟುಹೋದ ಮೇಲೆ ನಾನು, ಭಾವ, ಅಕ್ಕ, ಸೌಡಮ್ಮ ನಾಲ್ವರೂ ಬಂದೂಕು ಹಿಡಿದು ಮರುಭೂಮಿಗೆ ಇಳಿದೆವು.

ಅಳಿಯ ವಿದೇಶಕ್ಕೆ ಮರಳಿದರು, ಫ್ಲಾಪಿ ನನ್ನ ಮೇಜಿನಲ್ಲೇ ಉಳಿಯಿತು. ಐಪ್ಪಸಿ ತಿಂಗಳ ಮಳೆ ಹಿಡಿಯಿತು. ನೀಲಗಿರಿಯ ಕಡೆಯಿಂದ ಕರಿಮೋಡ ಇಳಿದು ಬಂದು, ಸಂಜೆ ಆಫೀಸು ಬಿಡುವ ಹೊತ್ತಿಗೆ ಸರಿಯಾಗಿ ಸುರಿಯುತ್ತಿತ್ತು. ಬಸ್ಸು ಬರುವವರೆಗೆ ಆಡುತ್ತ ಕೂರುತ್ತಿದ್ದೆ. ಇಂಥ ಕಡೆಗೇ ಹೋಗಬೇಕು ಅನ್ನುವ ಕಟ್ಟುಪಾಡು ಆ ಆಟದಲ್ಲಿರಲಿಲ್ಲ. ಯಾವ ದಿಕ್ಕಿಗೆ ಬೇಕಾದರೂ ನಡೆಯಬಹುದು, ಯಾರನ್ನು ಬೇಕಾದರೂ ಮಾತಾಡಿಸಬಹುದು. ನೀರು ಮುಗಿದರೆ ಮಾತ್ರ ಬಾವಿ ಹುಡುಕಲೇಬೇಕು.

ಮನೆಗೆ ಬಂದು ತಲೆ ಒರೆಸಿಕೊಳ್ಳುವುದರೊಳಗೆ ಅಕ್ಕ ಕಾಫಿ ಹಿಡಿದು ನಿಂತಿರುತ್ತಿದ್ದಳು. ಆ ಮಳೆಗೆ ಬೀದಿಯಲ್ಲಿ ಹಾಸು, ಅಂದರೆ ಮಗ್ಗಕ್ಕೆ ಹೂಡುವ ಉದ್ದದ ಎಳೆಗಳನ್ನು, ಚಾಚುವಂತಿರಲಿಲ್ಲ, ತೇವಕ್ಕೆ ಮಗ್ಗವೂ ಸರಿಯಾಗಿ ಓಡುತ್ತಿರಲಿಲ್ಲ. ಹಾಗಾಗಿ ಅವಳಿಗೂ ಬಿಡುವು.

"ಅಪ್ಪುರಂ, ಆಮೇಲೆ? ಇವತ್ತು ಎಲ್ಲಿವರೆಗೂ ಹೋದಿರಿ?"

"ಒಂದು ಊರು ಸಿಕ್ತು ಅಕ್ಕ. ಬಾಗಿಲೆಲ್ಲ ಮುರಿದಿತ್ತು. ಒಬ್ಬ ಮುದುಕ ಮಾತ್ರ ಇದ್ದ."

"ಪಾವಂ, ಪಾಪ. ಅವನಿಗೆ ಊಟ ಕೊಟ್ಟಿರಾ?"

"ಕೊಟ್ಟೆವು."

"ಅವರು?"

"ನಡೀತಿದಾರೆ."

"ಹೆಚ್ಚು ನಡೆದರೆ ಅವರಿಗೆ ಹಿಮ್ಮಡಿ ನೋವು ಬರುತ್ತೆ. ನಿಲ್ಲಿಸಿ ನಿಲ್ಲಿಸಿ ಹೋಗು. ಕೊನೇಲಿ ಬಿಡಬೇಡ, ಎತ್ತಲಾದರೂ ಹೋಗಿಬಿಡ್ತಾರೆ."

ಅದು ಆಟ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಷ್ಟು ವರ್ಷಗಳಲ್ಲಿ ಭಾವನ ಸುದ್ದಿಯನ್ನು ದಿನಾ ಸಂಜೆ ತಂದು ಹೇಳಿದವನು ನಾನೊಬ್ಬನೇ. ಅಕ್ಕನ ಮುಖದಲ್ಲಿ ಏನೋ ಬಿರಿದ ಹಾಗೆ ಕಾಣುತ್ತಿತ್ತು. ಕೂದಲಿಗೆ ಎಣ್ಣೆ ಹಚ್ಚಿ ಬಾಚತೊಡಗಿದಳು. ಮದುವೆಗೆ ತಾನು ಉಡುವ ಸೀರೆಯನ್ನು ತಾನೇ ನೇಯುತ್ತೇನೆ ಅಂದಳು. ಅಮ್ಮ ಮಾತ್ರ ಅವಳ ಬೆನ್ನ ಹಿಂದೆ ನನ್ನ ಕೈ ಹಿಡಿದು, "ಆಸೆ ಹುಟ್ಟಿಸಬೇಡ ಸಾಮಿ, ಆಮೇಲೆ ತಾಳಲಾರಳು" ಅನ್ನುತ್ತಿದ್ದಳು.

ಈಗ ಕವಚದ ವಿಷಯ. ದಾರಿಯಲ್ಲಿ ಸತ್ತ ಸಿಪಾಯಿಯೊಬ್ಬನ ಹತ್ತಿರ ನಮಗೆ ಒಂದು ಗಟ್ಟಿ ಕವಚ ಸಿಕ್ಕಿತು. ಒಂದೇ ಇದ್ದದ್ದು. ಯಾರಿಗೆ ತೊಡಿಸಬೇಕು? ಬುದ್ಧಿ ಇರುವವನು ಯಾರ ಮೈಯಲ್ಲಿ ಶಕ್ತಿ ಕಡಿಮೆಯಿದೆಯೋ ಅವರಿಗೆ ಕೊಡುತ್ತಾನೆ. ನನ್ನ ಬೆರಳು ತಾನಾಗಿ ಸೌಡಮ್ಮನ ಹೆಸರಿಗೆ ಹೋಯಿತು. ದೇವರ ಮೈಗೆ ಗುಂಡು ಬೀಳುವುದನ್ನು ನೋಡುತ್ತ ಕೂರುವುದು ನನ್ನಿಂದಾಗುತ್ತಿರಲಿಲ್ಲ. ಅಲ್ಲಿಯವರೆಗೂ ಅವಳಿಗೆ ಒಂದೊಂದು ಪೆಟ್ಟು ಬಿದ್ದಾಗಲೂ ಏಸಿ ಕೋಣೆಯಲ್ಲಿ ಕೂತು ಗಲ್ಲ ಬಡಿದುಕೊಂಡವನು ನಾನು. ಕವಚ, ಒಳ್ಳೆಯ ಬಂದೂಕು, ಗಾಯಕ್ಕೆ ಹಚ್ಚುವ ಔಷಧಿ ಎಲ್ಲ ಅವಳಿಗೇ. ಭಾವನ ಕೈಯಲ್ಲಿ ಹಳೆಯ ಪಿಸ್ತೂಲು, ಮೈಮೇಲೆ ಬರಿ ಅಂಗಿ.

ತೈಗೆ ಮುಂಚಿನ ಮಾರ್ಗಳಿ ತಿಂಗಳ ಒಂದು ಸಂಜೆ ಬತ್ತಿದ ಕೆರೆಯ ಪಕ್ಕದ ಊರಿಗೆ ಬಂದೆವು. ಅಲ್ಲಿ ಬಾವಿಯಿತ್ತು, ಬಾವಿಯ ಸುತ್ತ ಕಾವಲು ಯಂತ್ರಗಳಿದ್ದವು. ನೀರು ಮುಗಿದಿತ್ತು, ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ಯಂತ್ರಗಳು ಹೊಡೆದದ್ದೆಲ್ಲ ಭಾವನ ಮೇಲೇ ಬಿತ್ತು. ಪರದೆಯ ಕೆಳಗೆ ಒಂದು ಸಾಲು ಬಂತು, ರಂಗ ಸತ್ತ ಅಂತ. ಪಟ್ಟಿಯಿಂದ ಹೆಸರು ಹೋಯಿತು. ಕೆಳಗಿದ್ದ ಅಕ್ಕನ ಹೆಸರು ಒಂದು ಮೆಟ್ಟಿಲು ಮೇಲೆ ಬಂದು ಅವರ ಜಾಗದಲ್ಲಿ ಕೂತಿತು. ಆ ಆಟದಲ್ಲಿ ನಡೆದದ್ದು ನಡೆದ ಹಾಗೇ ಫ್ಲಾಪಿಯಲ್ಲಿ ಬರೆದುಹೋಗುತ್ತಿತ್ತು. ಮೆಷೀನು ಆರಿಸಿ ಹಚ್ಚಿದೆ. ಹೆಸರು ಇರಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಕ್ಕ ಕಾಫಿ ಹಿಡಿದು ನಿಂತು, "ಅಪ್ಪುರಂ?" ಅಂದಳು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಬಾವಿಯ ಹತ್ತಿರ ಭಾವ ಹೋಗಿಬಿಟ್ಟರು ಅಂದೆ.

ಅವಳು ಲೋಟವನ್ನು ಮಗ್ಗದ ಅಂಚಿನ ಮೇಲಿಟ್ಟಳು. "ಹತ್ತಿರ ಯಾರಿದ್ದರು?"

"ನೀನೇ ಇದ್ದೆ ಅಕ್ಕ. ಪಕ್ಕದ ಚೌಕದಲ್ಲೇ."

"ನಾನಿದ್ದೆನಾ?"

"ಇದ್ದೆ."

ಆಮೇಲೆ, "ಒಂದು ಕವಚ ಸಿಕ್ಕಿತು ಅಂದಿದ್ದೆಯಲ್ಲ, ಅದು ಎಲ್ಲಿ?" ಅಂದಳು.

"ಸೌಡಮ್ಮನಿಗೆ ಹಾಕಿದ್ದೆ."

"ಅವಳಿಗೆ ಯಾಕೋ ಕವಚ, ಪೆದ್ದಾ? ಅವಳೇನು ಸಾಯ್ತಾಳಾ?"

ಅಷ್ಟು ಹೇಳಿ ನಕ್ಕಳು. ನಗು ಹಾಗೇ ಮುಂದುವರಿದು ಅಳುವಾಯಿತು. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿಯ ಅಂಚಿಗೆ ಕೂತು, ಮೊಣಕಾಲಿಗೆ ಹಣೆ ಹಚ್ಚಿ, ಅಷ್ಟು ವರ್ಷ ಒಳಗೆ ಹಿಡಿದಿಟ್ಟದ್ದನ್ನೆಲ್ಲ ಅತ್ತಳು. ಯಾರೂ ಗದರಲಿಲ್ಲ. ನನಗೂ ಅಳು ಬಂತು. ಭಾವ ನನಗೆ ಸೈಕಲ್ಲು ಕಲಿಸಿದವರು, ನನಗೂ ಅವರು ಬೇಕಿದ್ದರು.

ಒಳಗೆ ಒಲೆಯ ಮುಂದೆ ಕೂತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೂ ಅದು ಆಟ ಅಂತ ಗೊತ್ತು. ಆದರೆ ಆ ಕಾಲದಲ್ಲಿ ಜಾತ್ರೆ ಸಂತೆಗಳಲ್ಲಿ ಕಂಪ್ಯೂಟರಿನಿಂದ ಜಾತಕ ತೆಗೆದು ಕೊಡುತ್ತಿದ್ದರು, ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಏನೂ ತಿಳಿಯದೆ ಅದು ಒಂದು ಹೆಸರನ್ನು ಅಳಿಸುತ್ತದೆಯೇ ಅನ್ನುವ ಹುಳ ಅವಳ ತಲೆ ಹೊಕ್ಕಿತು. ಬೆಳಿಗ್ಗೆ ನಲ್ಲಿಯ ಹತ್ತಿರ ದೊಡ್ಡಮ್ಮನ ಕಿವಿಗೆ ಹಾಕಿದಳು. ಬಿಸಿಲೇರುವ ಹೊತ್ತಿಗೆ, ಗಣಪತಿಯ ಕಂಪ್ಯೂಟರಿನಲ್ಲಿ ಮರಗದಂ ಗಂಡನ ಸುದ್ದಿ ಬಂದಿದೆಯಂತೆ ಅಂತ ಬೀದಿಯೆಲ್ಲ ಹಬ್ಬಿತು.

ಅಂದು ಭಾನುವಾರ, ನಾನು ಮನೆಯಲ್ಲೇ ಇದ್ದೆ. ಅಕ್ಕ ಹೊಸ ಹಾಸು ಕೂಡಿಸುತ್ತಿದ್ದಳು. ಮಗ್ಗದಲ್ಲಿ ಉಳಿದ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಇಟ್ಟು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯುವುದು. ಒಂದೊಂದೇ ಎಳೆ, ಸಾವಿರಾರು ಎಳೆ. ಒಮ್ಮೆ ಹಿಡಿದರೆ ನಡುವೆ ಏಳುವ ಹಾಗಿಲ್ಲ. ಅವಳು ನನ್ನ ಮದುವೆಗೆ ಉಡುವ ಸೀರೆಗೆಂದು ಇಟ್ಟುಕೊಂಡಿದ್ದ ನೂಲು ಅದು. ಹೆಂಗಸರು ಒಬ್ಬೊಬ್ಬರಾಗಿ ಬಂದು ಮಾತಿಲ್ಲದೆ ಗೋಡೆಗೆ ಒರಗಿ ಕೂತರು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಸಾವಿನ ಮನೆಯ ರಾಗ ಎತ್ತಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ದೊಡ್ಡಪ್ಪ ಬಂದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

"ಕಣ್ಣು ಮರಗದಂ" ಅಂತ ಮುದ್ದಿನಿಂದ ಕರೆದರು ದೊಡ್ಡಪ್ಪ. ಈ ಸಲ ಗೋಡೆ ನೋಡಲಿಲ್ಲ. "ನಮಗೂ ಸಂಕಟವೇ. ಸುದ್ದಿ ನಿಜವೋ ಸುಳ್ಳೋ. ಆದರೆ ಕಿವಿಗೆ ಬಿದ್ದಾಯಿತು. ಮಣಿ ಕಲ್ಯಾಣದಲ್ಲಿ ಗಂಟನ್ನ ನನ್ನ ಮಗಳು ಹಾಕಲಿ. ನೀನು ಮನಸ್ಸಿಗೆ ತಂದುಕೋಬೇಡ."

ಅಕ್ಕ ಹೊಸೆಯುತ್ತಲೇ ಇದ್ದಳು. "ಮಣಿ, ಆಟದಲ್ಲಿ ಏನಾಯಿತೋ ಇವರಿಗೆ ಹೇಳು."

ಹೇಳಿದೆ. ಮರುಭೂಮಿ, ಬಾವಿ, ಯಂತ್ರ, ಕವಚ ಎಲ್ಲ. ಕವಚದ ಮಾತು ಬಂದಾಗ ರಾಗ ಎತ್ತಲು ಹೊರಟಿದ್ದಾಕೆಯೇ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

"ಅವರು ಬಿದ್ದ ಮೇಲೆ ಉಳಿದವರು ಏನು ಮಾಡಿದರು?" ಅಂದಳು ಅಕ್ಕ.

"ನೀರು ತುಂಬಿಕೊಂಡು ಮುಂದಕ್ಕೆ ನಡೆದರು."

"ನಾನೂ?"

"ನೀನೂ."

ಅಕ್ಕ ಒಂದು ಎಳೆ ಹೊಸೆದು, ಎಳೆದು ನೋಡಿ, ಇನ್ನೊಂದಕ್ಕೆ ಕೈಹಾಕಿದಳು. "ಕೇಳಿದಿರಲ್ಲ ದೊಡ್ಡಪ್ಪ. ಆಟದಲ್ಲಿ ನಾನು ಅವರ ಪಕ್ಕದಲ್ಲಿ ಇದ್ದೆನಂತೆ, ಅಷ್ಟಾದರೂ ಸಿಕ್ಕಿತು ನನಗೆ. ನಿಜವಾಗಿ ಎಲ್ಲಿ ಏನಾಯಿತು ಅಂತ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಆ ಮೆಷೀನಿಗೂ ಗೊತ್ತಿಲ್ಲ. ಅವರು ಇದ್ದರೆ ನಾನು ಗಂಟು ಹಾಕಬಹುದು, ಇಲ್ಲದಿದ್ದರೆ ಹಾಕಬಾರದು ಅಂತೀರಿ. ಇವನು ಹುಟ್ಟಿದಾಗ ನಾನು ಇವನಿಗೆ ಅಕ್ಕ ಆದೆ. ಅವರು ನನ್ನ ಕತ್ತಿಗೆ ತಾಳಿ ಕಟ್ಟೋಕೆ ಎಷ್ಟೋ ಮುಂಚೆ ಆದೆ. ಅವರು ಹೋದರು ಅಂತ ಅದು ಹೋಗುತ್ತಾ?"

ಅಮ್ಮ ಬಾಗಿಲ ಹಿಂದೆ ಮೂಗು ಒರೆಸಿಕೊಳ್ಳುವುದು ಕೇಳಿಸಿತು. ನಾನು ಸುಮ್ಮನಿರಲಾರದೆ, "ಅಕ್ಕ ಹಾಕದಿದ್ದರೆ ಆ ಗಂಟು ನನಗೆ ಬೇಡ" ಅಂದೆ.

ತೆರೆದ ಬಾಗಿಲಿಂದ ಗಾಳಿ ಬೀಸಿ ಕೂಡಿಸದೆ ಬಿಟ್ಟಿದ್ದ ಎಳೆಗಳು ಹಾರಾಡಿದವು. ದೊಡ್ಡಪ್ಪನೂ ಹುಟ್ಟಾ ನೇಕಾರರು, ಹಾರುವ ಎಳೆ ನೋಡಿಕೊಂಡು ನಿಲ್ಲಲಾರರು. ಟವಲು ಸೊಂಟಕ್ಕೆ ಸುತ್ತಿ ಅಕ್ಕನ ಎದುರು ಕೂತು, ಎಳೆಗಳನ್ನು ಎರಡು ಕೈಯಲ್ಲಿ ಒತ್ತಿ ಹಿಡಿದರು. "ಗಾಳಿ ಜಾಸ್ತಿ. ಬೇಗ ಬೇಗ ಕೂಡಿಸು" ಅಂದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ದೊಡ್ಡಪ್ಪ ಹಾಸು ಮುಗಿಯುವವರೆಗೂ ಏಳಲಿಲ್ಲ.

ತೈ ತಿಂಗಳಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ನನ್ನ ಮದುವೆಯಾಯಿತು. ಹೆಣ್ಣಿನ ಕಡೆಯವರಿಗೆ ದೊಡ್ಡಪ್ಪ ಏನು ಹೇಳಿದರೋ ನನಗೆ ಗೊತ್ತಿಲ್ಲ, ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಅಕ್ಕ ತಾನು ನೇಯ್ದ ಮಾವಿನಕಾಯಿ ಬಣ್ಣದ ಸೀರೆ ಉಟ್ಟು ಮದುಮಗಳ ಹಿಂದೆ ನಿಂತು ಎರಡು ಗಂಟು ಹಾಕಿದಳು. ನನ್ನ ಹೆಂಡತಿ ಇವತ್ತಿಗೂ ಪ್ರತಿ ವರ್ಷ ಆಡಿ ತಿಂಗಳಲ್ಲಿ ತಾಳಿಯ ದಾರ ಬದಲಿಸುವಾಗ ಅಕ್ಕನನ್ನೇ ಕರೆಯುತ್ತಾಳೆ. ಅತ್ತಿಗೆ ಹಾಕಿದ ಗಂಟು ಬಿಚ್ಚಬೇಕಾದರೆ ಕತ್ತರಿಯೇ ಬೇಕು ಅಂತ ಅವಳ ದೂರು.

ಆ ಆಟವನ್ನು ನಾನು ಮುಗಿಸಲಿಲ್ಲ. ಫ್ಲಾಪಿಗೆ ಬೂಷ್ಟು ಹಿಡಿದು ಹಾಳಾಯಿತು. ಭಾವ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಅಕ್ಕ ಕುಂಕುಮ ಅಳಿಸಲಿಲ್ಲ, ಬಾಗಿಲು ನೋಡುತ್ತ ಕೂರಲೂ ಇಲ್ಲ. ಮಗ್ಗ ಹೋಗಿ ಪವರ್‌ಲೂಮ್ ಬಂತು, ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು, ಬೀದಿಯ ಪಂಚಾಯಿತಿಗಳಲ್ಲಿ ಗಂಡಸರಿಗೆ ಬುದ್ಧಿ ಹೇಳಿದಳು.

"ತಾತಾ, ಹೇಳಿ. ನಾಲ್ಕು ಹೆಸರು" ಅಂದಳು ಮೊಮ್ಮಗಳು ಮತ್ತೆ.

"ನನ್ನದು ಹಾಕು" ಅಂದಳು ಅಕ್ಕ ಅವರೆಕಾಯಿಯ ಮೇಲಿಂದ ಕಣ್ಣು ತೆಗೆಯದೆ. "ನಿಂದು ಹಾಕು. ನಿಮ್ಮ ತಾತಂದು ಹಾಕು. ಸೌಡಮ್ಮ ಬೇಡ, ಅವಳು ಹೇಗಾದರೂ ಬದುಕ್ತಾಳೆ."

"ಇನ್ನೊಂದು ಉಳೀತಲ್ಲ ದೊಡ್ಡಜ್ಜಿ."

"ಅವರನ್ನೂ ಹಾಕು."

"ಅವರು ಅಂದರೆ ಯಾರು? ಹೆಸರು ಹೇಳಿ."

ಅಕ್ಕ ನನ್ನ ಕಡೆ ನೋಡಿದಳು. ಯಾವಾಗಲೂ ಹೇಳುವ ಹಾಗೆ ನಾನು ಹೇಳಲು ಬಾಯಿ ತೆರೆದೆ. ಅವಳು ಬೂದಿ ಮುಟ್ಟಿ ಮುಟ್ಟಿ ಒರಟಾದ ಆ ಕೈಯನ್ನೆತ್ತಿ ನನ್ನನ್ನು ತಡೆದಳು.

"ರಂಗಸಾಮಿ" ಅಂದಳು ಅಕ್ಕ. ಅವಳ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. "ನನ್ನ ಹಿಂದೇನೇ ಹಾಕು ಕಣ್ಣು. ಅವರಿಗೆ ದಾರಿ ತಪ್ಪುತ್ತೆ. ಮುಂದೆ ನಾನು ಹೋಗ್ತೀನಿ."